ಪ್ರೇಮಾಳ ಕಿವಿಯಿಂದ ತೆಗೆಸಿದ ಹೆಡ್‌ಫೋನ್

ಮಣಿಕೊಂಡ, ಹೈದರಾಬಾದ್
ಸೋಮವಾರ

ಪೂಜ್ಯ ಹನುಮಂತರಾಯ ಸರ್ ಅವರಿಗೆ,

ನಿನ್ನೆಯ ಪರೀಕ್ಷೆಯಲ್ಲಿ ನೀವು ಪ್ರೇಮಾಳಿಗೆ ಅನ್ಯಾಯ ಮಾಡಿದಿರಿ. ಕಣ್ಣು ಕಾಣದ ಹುಡುಗಿಯ ಕಿವಿಯಿಂದ ಹೆಡ್‌ಫೋನ್ ತೆಗೆಸಿ, ಕಂಪ್ಯೂಟರಿನ ಮುಂದೆ ಕೂರಿಸಿ, ನೀವು ಓದಿ ಹೇಳಿದ್ದನ್ನು ಟೈಪ್ ಮಾಡು ಅಂದಿರಿ. ತಪ್ಪಾದಾಗ ನಪಾಸು ಎಂದಿರಿ. ಮೊದಲು ಕ್ಷೇಮ ಕೇಳಿ ಆಮೇಲೆ ವಿಷಯಕ್ಕೆ ಬರುವುದು ಪದ್ಧತಿ. ನನಗೆ ಅಷ್ಟು ತಾಳ್ಮೆಯಿಲ್ಲ, ಅದು ನಿಮಗೆ ಗೊತ್ತು.

"ಬಂದ್ಳು ನೋಡ್ರಿ ಕರಪತ್ರದ ಭಾಗ್ಯಶ್ರೀ, ಇವತ್ತು ಯಾರ ಸರ್ಕಾರ ಬೀಳಸ್ತಾಳೋ" ಎಂದು ನೀವು ನನ್ನನ್ನು ತರಗತಿಗೆ ಬರಮಾಡಿಕೊಳ್ಳುತ್ತಿದ್ದಿರಿ. ನಿಜ, ಸಿಕಂದರಾಬಾದ್ ಸ್ಟೇಷನ್ ಹೊರಗೆ ಹಂಚುವ ಕರಪತ್ರಗಳು, ಸಭೆಗಳಲ್ಲಿ ಸಿಗುವ ತೆಳು ಪುಸ್ತಿಕೆಗಳು, ಇವೇ ನನ್ನ ಕಾಲೇಜು. ಗಾರೆ ಕೆಲಸದವನ ಮಗಳಿಗೆ ಬೇರೆ ಕಾಲೇಜು ಯಾರೂ ತೆರೆದಿರಲಿಲ್ಲ. ಆದರೆ ಈ ಪತ್ರದಲ್ಲಿರುವ ವಾದ ಯಾವ ಕರಪತ್ರದಿಂದಲೂ ಬಂದದ್ದಲ್ಲ. ನಿಮ್ಮ ಪಾಠದಿಂದಲೇ ಬಂದದ್ದು.

ಮೊದಲ ಭಾನುವಾರ ಬೇಗಂಪೇಟೆಯ ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ನೀವು ಹಲಗೆಯ ಮೇಲೆ ಒಂದು ಗೆರೆ ಎಳೆದಿರಿ. ಒಳಗೆ ಕೊಡುವ ಸಾಧನಗಳು ಒಂದು ಕಡೆ: ಕೀಬೋರ್ಡ್, ಮೌಸ್, ಮೈಕ್, ಸ್ಕ್ಯಾನರ್. ಹೊರಗೆ ತೋರಿಸುವ ಸಾಧನಗಳು ಇನ್ನೊಂದು ಕಡೆ: ಮಾನಿಟರ್, ಪ್ರಿಂಟರ್, ಸ್ಪೀಕರ್. ನಮ್ಮ ಮುಖ ನೋಡಿ ನಿಮಗೆ ಏನನಿಸಿತೋ, ಸೀಮೆಸುಣ್ಣ ಕೆಳಗಿಟ್ಟಿರಿ. "ರೊಟ್ಟಿ ಬಡಿಯಾಕ ಕಟಗಿ ಕೊಣಮಿಗಿ ಬೇಕು, ಬೇಯಸಾಕ ಹಂಚು ಬೇಕು. ಹಂಚಿನ ಮ್ಯಾಲ ಯಾರರ ರೊಟ್ಟಿ ಬಡೀತಾರೇನು? ಯಾವ ಕೆಲಸಕ್ಕ ಯಾವ ಸಾಮಾನು ಅನ್ನೋದು ತಿಳಕೊಂಡ್ರ ಅರ್ಧ ಕಂಪ್ಯೂಟರ್ ಬಂದಂಗ." ರಕ್ಷಣಾ ಕಾರ್ಖಾನೆಯಲ್ಲಿ ಆಯುಷ್ಯ ಕಳೆದ ಎಂಜಿನಿಯರ್ ಒಬ್ಬರು ನಮ್ಮ ಅಡುಗೆಮನೆಯ ಮಾತಿನಲ್ಲಿ ಪಾಠ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ.

ಅದೇ ದಿನ ನೀವು ಪ್ರೇಮಾಳ ಕೈಗೆ ಮೌಸ್ ಕೊಟ್ಟು, "ಬಾಣ ಎಲ್ಲೈತಿ ನೋಡ್ಕೊಂಡು ಜರಗಸು ತಂಗಿ" ಅಂದಿರಿ. ಅವಳು, "ನೋಡಾಕ ಬರೂವಂಗಿದ್ರ ಸಿನಿಮಾಕ್ಕ ಹೋಗ್ತಿದ್ನಿ ಬಿಡ್ರಿ ಸರ್, ಇಲ್ಲಿಗ್ಯಾಕ ಬರ್ತಿದ್ನಿ?" ಅಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಮುಂದಿನ ಭಾನುವಾರ ಹೆಡ್‌ಫೋನ್ ತಂದಿರಿ. ಒತ್ತಿದ ಅಕ್ಷರವನ್ನೂ ಪರದೆಯ ಮೇಲಿನ ಸಾಲನ್ನೂ ಓದಿ ಹೇಳುವ ತಂತ್ರಾಂಶವನ್ನು ನೀವೇ ಕೂತು ಹಾಕಿದಿರಿ. "ಇಕಿಗೆ ಮೌಸೂ ಬ್ಯಾಡ, ಮಾನಿಟರೂ ಬ್ಯಾಡ. ಕಿವೀನ ಇಕಿ ಮಾನಿಟರ್" ಅಂದಿರಿ. ಆ ದಿನ ನಿಮ್ಮ ಕಾಲಿಗೆ ಬೀಳಬೇಕೆನಿಸಿತ್ತು. ಯಾರ ಕಾಲಿಗೂ ಬೀಳುವುದಿಲ್ಲ ಎಂದು ಶಪಥ ಮಾಡಿದ್ದರಿಂದ ಬೀಳಲಿಲ್ಲ.

ಆ ಮಾತು ಹೇಳಿದ ನೀವೇ ನಿನ್ನೆ ಅವಳ ಮಾನಿಟರ್ ಕಿತ್ತುಕೊಂಡಿರಿ. ಸಂಘದ ಹಿರಿಯರು ಬಂದು ಕುಳಿತಿದ್ದರು. ಪಕ್ಷಪಾತವೆಂದು ಯಾರೂ ಅನ್ನಬಾರದೆಂದು ನೀವು ಹಾಗೆ ಮಾಡಿದಿರಿ ಎಂಬುದು ನನಗೆ ಅರ್ಥವಾಗುತ್ತದೆ. "ಪರೀಕ್ಷಾದೊಳಗ ಕಿವ್ಯಾಗ ಯಾರೂ ಹೇಳಿಕೊಡಬಾರ್ದು. ಎಲ್ಲಾರಿಗೂ ಒಂದ ಕಾನೂನು" ಅಂದಿರಿ. ಸರ್, ಹೆಡ್‌ಫೋನ್ ಅವಳಿಗೆ ಉತ್ತರ ಹೇಳಿಕೊಡುವುದಿಲ್ಲ. ಅವಳು ಹೊಡೆದದ್ದನ್ನೇ ಅವಳಿಗೆ ತಿಳಿಸುತ್ತದೆ. ನಾನು ಹೊಡೆದದ್ದನ್ನು ಪರದೆ ನನಗೆ ತೋರಿಸುತ್ತಿತ್ತು, ತಪ್ಪಿದ ಕಡೆ ನಾನು ತಿದ್ದಿಕೊಂಡೆ, ಪಾಸಾದೆ. ಒಂದೇ ಕಾನೂನು ಎಂದಾದರೆ ನಮ್ಮೆಲ್ಲರ ಮಾನಿಟರುಗಳನ್ನೂ ಆರಿಸಬೇಕಿತ್ತು.

ಇನ್ನೊಂದು ಸಂಗತಿ ನಿಮಗೆ ಗೊತ್ತೇ ಇಲ್ಲ. ನನಗೂ ಪರೀಕ್ಷೆ ಮುಗಿದ ಮೇಲೆಯೇ ಗೊತ್ತಾಯಿತು. ಬಸ್ ಕಾಯುತ್ತ ನಿಂತಾಗ ಪ್ರೇಮಾ, "ಅಕ್ಕಾ, ಇವತ್ತು ಎಲ್ಲಾ ಬಟನ್ ಮ್ಯಾಲೂ ಗುಳ್ಳಿ ಎದ್ದಂಗಿತ್ತು" ಅಂದಳು. ಅವಳನ್ನು ಅಲ್ಲಿಯೇ ಕೂರಿಸಿ ನಾನು ತರಗತಿಗೆ ಓಡಿ ಬಂದೆ. ಕಸ ಗುಡಿಸುವವರು ಇನ್ನೂ ಬೀಗ ಹಾಕಿರಲಿಲ್ಲ. ಕಣ್ಣು ಮುಚ್ಚಿ ಅವಳ ಕೀಬೋರ್ಡಿನ ಮೇಲೆ ಬೆರಳಾಡಿಸಿದೆ. ಮೊನ್ನೆ ಆಯುಧಪೂಜೆಯ ದಿನ ನೀವು ಒಂದೊಂದು ಕೀ ಮೇಲೂ ಇಟ್ಟ ಗಂಧದ ಬೊಟ್ಟು ಒಣಗಿ ಹರಳಾಗಿ ಕೂತಿತ್ತು. ಕೀಬೋರ್ಡಿನಲ್ಲಿ ಎಫ್ ಮತ್ತು ಜೆ ಕೀಗಳ ಮೇಲೆ ಮಾತ್ರ ಸಣ್ಣ ಉಬ್ಬಿರುತ್ತದೆ, ನೋಡದೆ ಟೈಪ್ ಮಾಡುವವರು ಆ ಉಬ್ಬು ಹುಡುಕಿ ಬೆರಳಿಡುತ್ತಾರೆ ಎಂದು ಕಲಿಸಿದವರು ನೀವೇ. ನಿನ್ನೆ ಅವಳಿಗೆ ಎಲ್ಲ ಕೀ ಮೇಲೂ ಉಬ್ಬು ಸಿಕ್ಕಿತು. ಕೈ ಒಂದು ಕೀ ಬಲಕ್ಕೆ ಸರಿದು ಕೂತಿತು. ಮೊದಲಿನಿಂದ ಕೊನೆಯವರೆಗೆ ಪ್ರತಿ ಅಕ್ಷರವೂ ಪಕ್ಕದ ಕೀಯದ್ದು. ಕಿವಿಯಲ್ಲಿ ಹೆಡ್‌ಫೋನ್ ಇದ್ದಿದ್ದರೆ ಮೊದಲ ಅಕ್ಷರಕ್ಕೇ ತಿಳಿಯುತ್ತಿತ್ತು.

ಪರೀಕ್ಷೆ ಶುರುವಾಗುವಾಗ ಅವಳು ನಿಮ್ಮನ್ನು ಕೇಳಿಯೂ ಇದ್ದಳಂತೆ. "ಸರ್, ಇದರ ಮ್ಯಾಲ ಏನೋ ಐತ್ರಿ." ನೀವು, "ಹಬ್ಬದ ಗಂಧ ಐತವಾ, ಒರಸಬ್ಯಾಡ. ಛಲೋ ಆಗತೈತಿ, ಹೊಡಿ" ಅಂದಿರಂತೆ. ಪೂಜೆಯ ಬಗ್ಗೆ ನನಗೆ ನಿಮ್ಮೊಡನೆ ಜಗಳವಿದೆ, ಅದು ಬೇರೆ ದಿನಕ್ಕಿರಲಿ. ಯಂತ್ರಕ್ಕೆ ಕೈಮುಗಿಯುವ ನಿಮ್ಮ ಶ್ರದ್ಧೆಯನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಆ ಕೀಬೋರ್ಡು ಯಾರ ಬೆರಳಿಗಾಗಿ ಇದೆಯೋ ಅವಳನ್ನು ಒಂದು ಮಾತು ಕೇಳಬೇಕಿತ್ತು. ಪ್ರಿಂಟರಿನಿಂದ ಬಂದ ಅವಳ ಹಾಳೆಯನ್ನು ಹಿರಿಯರ ಮುಂದೆ ಎತ್ತಿ ಹಿಡಿದು, "ಇದೇನು ಚೀನೀ ಭಾಷಾ ಏನು?" ಎಂದು ನೀವು ನಗಿಸಿದಿರಲ್ಲ, ಆಗ ಅವಳೂ ನಕ್ಕಳು. ಯಾವುದಕ್ಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿದಿರಲಿಲ್ಲ. ನಾನೇ ಆಮೇಲೆ ಹೇಳಬೇಕಾಯಿತು.

ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ಫೋನ್ ತೆಗೆದುಕೊಂಡು ವಿವರ ಟೈಪ್ ಮಾಡುವ ಕೆಲಸ ಖಾಲಿಯಿದೆ. ಪಾಸಾದವರ ಹೆಸರನ್ನು ಸಂಘ ಶುಕ್ರವಾರ ಅಲ್ಲಿಗೆ ಕಳಿಸುತ್ತದೆ. ಅದು ತಪ್ಪಿದರೆ ಪ್ರೇಮಾಳಿಗೆ ಮತ್ತೆ ಅವರ ಮನೆಯಾದ ಆ ತಗಡಿನ ಶೆಡ್ಡೇ ಗತಿ. ಅವಳ ತಾಯಿ ಗದಿಗೆಮ್ಮ ಇಟ್ಟಿಗೆ ಹೊರಲು ಹೋಗುವಾಗ ಮಗಳನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಾಳೆ. ಹೆದರಿ ಹಾಕುತ್ತಾಳೆ, ಅವಳನ್ನು ನಾನು ದೂರುವುದಿಲ್ಲ. ಭಾನುವಾರ ಒಂದು ದಿನ ಆ ಚಿಲಕ ತೆಗೆಸಲು ನಾನು ಎಷ್ಟು ಜಗಳಾಡಿದ್ದೇನೋ ನಿಮಗೆ ಗೊತ್ತಿಲ್ಲ. ಇಂದು ಬೆಳಿಗ್ಗೆ ಹೋಗಿ ಮಾತೆತ್ತಿದರೆ, "ಸುಮ್ನಿರವಾ. ದೊಡ್ಡವ್ರು ಹೇಳ್ಯಾರಂದ್ರ ಮುಗೀತು. ನಿನ್ನ ಕರಪತ್ರ ಒಲಿ ಹಚ್ಚಾಕಷ್ಟ ಛಲೋ" ಅಂದಳು. ಒಳಗಿನಿಂದ ಪ್ರೇಮಾ, "ಅಕ್ಕಾ, ಸರ್‌ಗೆ ಬರಿ. ಪುಕ್ಕಟೆ ಪಾಸ್ ಬ್ಯಾಡಂತ ಬರಿ. ಇನ್ನೊಮ್ಮಿ ಕೂಡಸ್ರಿ ಅಂತ ಬರಿ" ಎಂದು ಕೂಗಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಕರುಣೆ ಬೇಡ ಸರ್, ಇನ್ನೊಂದು ಪರೀಕ್ಷೆ ಬೇಕು. ಯಾವ ಪಾಠವಾದರೂ ನೀವೇ ಆರಿಸಿ, ನೀವೇ ಓದಿ ಹೇಳಿ. ಬೇಕಾದರೆ ಹಿರಿಯರನ್ನೂ ಕರೆಯಿರಿ. ಅವಳಿಗೆ ಒರೆಸಿದ ಕೀಬೋರ್ಡು, ಕಿವಿಗೆ ಹೆಡ್‌ಫೋನ್, ಇಷ್ಟೇ ಇರಲಿ. ಆಗಲೂ ತಪ್ಪಿದರೆ, ಅವಳು ನಪಾಸೆಂದು ಗದಿಗೆಮ್ಮನಿಗೆ ನಾನೇ ಹೇಳುತ್ತೇನೆ. ತಪ್ಪದಿದ್ದರೆ, ನಿನ್ನೆ ಹಾಳೆ ಎತ್ತಿ ಹಿಡಿದಷ್ಟೇ ಎತ್ತರದ ದನಿಯಲ್ಲಿ ಅವಳು ಪಾಸೆಂದು ನೀವು ಹೇಳಬೇಕು.

ನಿಮ್ಮ ಮೇಲಿನ ಗೌರವ ಕಡಿಮೆಯಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಿಮಗೂ ಮನೆಯವರಿಗೂ ಒಳ್ಳೆಯದಾಗಲಿ. ಗದಿಗೆಮ್ಮ ಏನೇ ಅನ್ನಲಿ, ಪ್ರೇಮಾಳನ್ನು ನಾನು ಕರೆತರುತ್ತೇನೆ. ಗುರುವಾರ ಸಂಜೆ ಆರು ಗಂಟೆಗೆ, ಬೇಗಂಪೇಟೆಯ ತರಗತಿಯಲ್ಲಿ.

ನಿಮ್ಮ ವಿದ್ಯಾರ್ಥಿನಿ,
ಭಾಗ್ಯಶ್ರೀ