ಮೊದಲಿನ ಅಂಕ ಎಲ್ಲಿ ಎಂದು ಕೇಳಿದವರಿಗೆ

ಮಾನ್ಯ ಪ್ರಾದೇಶಿಕ ಆರೋಗ್ಯಾಧಿಕಾರಿಗಳೇ,

ನನ್ನ ಗಂಡ ಮರ್ವ್ ಟ್ರೆಗೆಂಜಾನ ಮರೆವಿಗೆ ಚಿಕಿತ್ಸೆ ಕೊಡಲಾಗದೆಂದು ನಿಮ್ಮ ಕಚೇರಿ ಬರೆದಿದೆ. ಮಿದುಳಿಗೆ ವಿಕಿರಣ ಕೊಡುವ ಮುಂಚೆ ಅವನ ನೆನಪಿನ ಶಕ್ತಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದಿತ್ತೆಂಬ ದಾಖಲೆಯಿಲ್ಲವಂತೆ, ಆದ್ದರಿಂದ ಅದು ಕುಗ್ಗಿದೆ ಎನ್ನಲು ಆಧಾರವೂ ಇಲ್ಲವಂತೆ. ಆ ಪರೀಕ್ಷೆ ಮಾಡಬೇಕಾದವರು ನೀವು, ಮಾಡದೆ ಬಿಟ್ಟವರೂ ನೀವೇ. ತಪ್ಪು ನಿಮ್ಮದು, ಶಿಕ್ಷೆ ನಮಗೆ. ಇದು ಯಾವ ಸೀಮೆಯ ನ್ಯಾಯ?

ಮಿದುಳಿನ ಗಡ್ಡೆ ಕರಗಿತು, ಅದಕ್ಕೆ ನಾನು ಋಣಿ. ಆದರೆ ಕೆಲವರಿಗೆ ನೆನಪಿನ ಭಾಗವನ್ನು ತಪ್ಪಿಸಿ ವಿಕಿರಣ ಹಾಯಿಸಬಹುದು, ಮರೆವನ್ನು ನಿಧಾನಗೊಳಿಸುವ ಮಾತ್ರೆಯನ್ನು ಮೊದಲಿಂದಲೇ ಕೊಡಬಹುದು ಎಂದು ನಿಮ್ಮಲ್ಲಿ ಯಾರೂ ಬಾಯಿಬಿಡಲಿಲ್ಲ. ಪ್ರತಿ ತಪಾಸಣೆಯಲ್ಲೂ ವೈದ್ಯರು "ಹೇಗಿದ್ದೀರಿ ಮರ್ವ್?" ಅಂದರು, ಇವನು "ಏನೂ ತೊಂದ್ರೆ ಇಲ್ಲ ಡಾಕ್ಟ್ರೇ" ಅಂದ. ನಮ್ಮ ಕಡೆಯ ಕುರಿ ಸಾಕುವ ಗಂಡಸು ಕಾಲು ಮುರಿದುಕೊಂಡು ಬಿದ್ದಿದ್ದರೂ ಹಾಗೇ ಅನ್ನುತ್ತಾನೆ. ಅದು ಮರ್ಯಾದೆಗೆ ಆಡುವ ಮಾತು. ನೀವದನ್ನು ರೋಗಿಯ ವರದಿ ಎಂದು ಬರೆದುಕೊಂಡಿರಿ. ಪಕ್ಕದಲ್ಲೇ ಕೂತಿದ್ದ ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಅವನ ಮರೆವನ್ನು ಮೊದಲು ಕಂಡುಹಿಡಿದದ್ದು ನಮ್ಮ ನಾಯಿ ಬಿಡ್ಡಿ. ಎಡಕ್ಕೊಂದು ಸಿಳ್ಳೆ, ಬಲಕ್ಕೊಂದು ಸಿಳ್ಳೆ. ಮೂವತ್ತು ವರ್ಷದಿಂದ ಮರ್ವ್ ನಾಯಿಗಳನ್ನು ಪಳಗಿಸಿದ್ದೇ ಹೀಗೆ. ಮಾರ್ಚಿನಲ್ಲಿ ಅವನು ಎಡದ ಸಿಳ್ಳೆ ಮರೆತು ಬಲದ್ದು ಹಾಕಿದ. ವಿಧೇಯ ನಾಯಿ ಹಿಂಡನ್ನು ನೇರ ಹೆದ್ದಾರಿಗೆ ಅಟ್ಟಿತು. ಹನ್ನೊಂದು ಕುರಿ ಲಾರಿಗೆ ಸಿಕ್ಕವು. ಮುಂದಿನ ವಾರ ಅವನು ಸಿಳ್ಳೆ ಹಾಕಿದಾಗ ಬಿಡ್ಡಿ ಕದಲಲಿಲ್ಲ, ಬಂದು ನನ್ನ ಕಾಲ ಬಳಿ ಕೂತಿತು.

"ಈ ನಾಯಿಗೆ ತಲೆ ಕೆಟ್ಟಿದೆ ಕಣೇ" ಅಂದ ಮರ್ವ್. ನಾನು ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ.

ಮೇಲ್ಮನವಿಗೆ ರೋಗಿಯೇ ಸಹಿ ಹಾಕಬೇಕೆಂಬುದು ನಿಮ್ಮ ನಿಯಮ. ನಿನ್ನೆ ಅರ್ಜಿ ಮುಂದಿಟ್ಟೆ. ಅವನು ನಿಧಾನವಾಗಿ ಪೂರ್ತಿ ಓದಿದ.

"ಪಾಪ, ಯಾರೇ ಇವನು?"

"ನನಗೆ ಗೊತ್ತಿರೋರು."

"ನೋಡ್ಕೊಳ್ಳೋಕೆ ಹೆಂಡ್ತಿ ಇದಾಳಾ?"

"ಇದಾಳೆ."

"ಹಾಗಾದ್ರೆ ಬದುಕ್ಕೊಂಡ. ಎಲ್ಲಿ ಹಾಕ್ಬೇಕು ಸಹಿ, ತೋರ್ಸು" ಅಂದು ಪೆನ್ನು ತೆಗೆದುಕೊಂಡ.

ಆ ಸಹಿಯನ್ನು ಲಗತ್ತಿಸಿದ್ದೇನೆ. ನಿಮಗೆ ಬೇಕಾದ ಆಧಾರ ಅದೇ ಎಂದು ತಿಳಿದು ಈ ತಿಂಗಳೇ ಅವನ ಚಿಕಿತ್ಸೆ ಆರಂಭಿಸಿ. ಇನ್ನು ಮುಂದೆ ಯಾರ ತಲೆಗೆ ವಿಕಿರಣ ಕೊಡುವುದಿದ್ದರೂ ಮೊದಲು ನೆನಪನ್ನು ಪರೀಕ್ಷಿಸಿ, ಪಕ್ಕದಲ್ಲಿ ಕೂತವರನ್ನೂ ಕೇಳಿ.

ಇಂತಿ,
ಆ ಪಾಪದವನ ಹೆಂಡತಿ,
ನೊಯ್ಲೀನ್ ಟ್ರೆಗೆಂಜಾ
ದಕ್ಷಿಣ ಆಸ್ಟ್ರೇಲಿಯಾ