ಒಲೆ ಬೇರೆ

ಗುರುವಾರ, ಮಾರ್ಚ್ ೧೨
ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ನಾವು ಇಲ್ಲಿ ದೇವರು ಇಟ್ಟ ಹಾಗೆ ಇದ್ದೇವೆ. “ಫೋನಲ್ಲಿ ಎಲ್ಲಾ ಚೆನ್ನಾಗಿದೆ ಅಂತ ಇಟ್ಬಿಡ್ತೀಯ, ಸರಿಯಾಗಿ ಒಂದು ಕಾಗದ ಬರಿ” ಎಂದು ನೀನು ಹೇಳಿ ತಿಂಗಳ ಮೇಲಾಯಿತು. ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಪೆನ್ನು ಹಿಡಿದರೆ ನಿದ್ದೆ ಬರುತ್ತದೆ, ಹಾಸಿಗೆಗೆ ಬಂದರೆ ಅದು ಹಾರಿಹೋಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯ ಗೋಡೆ ನಿನಗೆ ಗೊತ್ತೇ ಇದೆ. ನಾನು ಈ ಕಡೆ ಸೀನಿದರೆ ನಿನ್ನ ಚಿಕ್ಕಿ ಆ ಕಡೆಯಿಂದ “ನೂರು ವರ್ಷ” ಎನ್ನುವಂಥ ಗೋಡೆ.

ನಿಮ್ಮಪ್ಪ ಹಾಗೇ ಇದ್ದಾರೆ. ಕಂಡವರ ಮನೆಗೆಲ್ಲ ಬಣ್ಣ ಬಳಿದು ಬಳಿದು ಎದೆಯೊಳಗೂ ಬಳಿದುಕೊಂಡರು ಎಂದು ಡಾಕ್ಟರು ತಮಾಷೆ ಮಾಡುತ್ತಾರೆ. ಉಸಿರಿನ ಯಂತ್ರ ಹಗಲೂ ರಾತ್ರಿ ಗೊರ್ ಎನ್ನುತ್ತಿರುತ್ತದೆ. ಮೊದಮೊದಲು ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ಈಗ ಅದು ನಿಂತರೆ ಎಚ್ಚರವಾಗುತ್ತದೆ.

ಕರೆಂಟಿನ ವಿಷಯ ಏನಾಯಿತು ಎಂದು ಪ್ರತಿ ಸಲ ಕೇಳುತ್ತೀಯ, ನಾನು ಹಾರಿಸಿಬಿಡುತ್ತೇನೆ. ಈಗ ಮೊದಲಿನಿಂದ ಹೇಳುತ್ತೇನೆ.

ಸರ್ಕಾರದವರು ನೆರವು ಕೊಡುತ್ತಾರೆ ಎಂದು ಬೀದಿಯಲ್ಲೆಲ್ಲ ಸುದ್ದಿಯಾದಾಗ ನಾನು ಕೈ ಮುಗಿದೆ. ಒಂದು ಮನೆಗೆ ಇಷ್ಟು ಯೂನಿಟ್ ಎಂದು ಗೆರೆ ಹಾಕಿದ್ದಾರೆ. ಅದರೊಳಗೆ ಇದ್ದರೆ ಬಿಲ್ಲನ್ನು ಅವರೇ ಕಟ್ಟುತ್ತಾರೆ. ಗೆರೆ ದಾಟಿದರೆ ಅಷ್ಟೂ ನಮ್ಮ ತಲೆಗೆ. ನಮ್ಮದು ಪ್ರತಿ ತಿಂಗಳೂ ದಾಟಿತು. ದೀಪ ಕಡಿಮೆ ಮಾಡಿದೆವು, ಫ್ಯಾನು ಮುಟ್ಟಲಿಲ್ಲ, ನೀರು ಕಾಯಿಸುವುದನ್ನು ಬಿಟ್ಟೆವು. ಆದರೂ ದಾಟಿತು. ದಾಟದೆ ಏನು ಮಾಡುತ್ತದೆ? ನಡುಮನೆಯಲ್ಲಿ ಯಂತ್ರ, ಮುಂದಿನ ಕೋಣೆಯಲ್ಲಿ ಚಿಕ್ಕಿಯ ಇಸ್ತ್ರಿ. ಪಾಪ, ಅವಳು ಹಳೆಯ ಕೆಂಡದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಎರಡು ದಿನ ಅದರಲ್ಲೇ ತಿಕ್ಕಿದಳು. ಅದರ ಹೊಗೆಗೆ ನಿಮ್ಮಪ್ಪ ಕೆಮ್ಮಿ ಕೆಮ್ಮಿ ನೀಲಿಯಾದರು. ಅವಳು ಕೆಂಡಕ್ಕೆ ನೀರು ಸುರಿದು ಬಾಗಿಲಲ್ಲೇ ಕೂತು ಅತ್ತಳು.

ನಾನು ಕ್ಲಿನಿಕ್ಕಿನ ಕಸ ಗುಡಿಸಿ ಅಲ್ಲಿಂದ ನೇರ ಕರೆಂಟ್ ಆಫೀಸಿಗೆ ಹೋದೆ. ಗುಮಾಸ್ತನಿಗೆ ಹೇಳಿದೆ, ಅದು ನಮ್ಮ ಯಜಮಾನರ ಉಸಿರಿನ ಯಂತ್ರ, ಶೋಕಿಗೆ ಇಟ್ಟದ್ದಲ್ಲ ಅಂತ. ಅವನು ತಲೆ ಎತ್ತದೆ, “ಯಂತ್ರ ಓಡ್ತೋ ಇಸ್ತ್ರಿ ಓಡ್ತೋ, ಅದೆಲ್ಲ ಮೀಟರಿಗೆ ಗೊತ್ತಾಗಲ್ಲಮ್ಮ” ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದುಕೊಂಡು ಬಂದೆ. ಆಮೇಲೆ ಬಾಗಿಲಿಗೆ ಹಳದಿ ಚೀಟಿ ಅಂಟಿಸಿದರು. ಬಾಕಿ ಕಟ್ಟದಿದ್ದರೆ ತಂತಿ ಕತ್ತರಿಸುತ್ತೇವೆ ಎಂದು ಅದರಲ್ಲಿತ್ತು. ನಿಮ್ಮಪ್ಪನಿಗೆ ತೋರಿಸಲಿಲ್ಲ. ಅವರೇ ಓದಿಕೊಂಡು, “ನನ್ನ ಉಸಿರಿಗೂ ನೋಟೀಸು ಬಂತಾ?” ಎಂದರು.

ನಮ್ಮ ಬೀದಿಯ ಲೈನ್‌ಮ್ಯಾನ್ ಫ್ಯೂಸಣ್ಣ ನೆನಪಿದ್ದಾನಲ್ಲ? ನೀನು ಚಿಕ್ಕವಳಿದ್ದಾಗ ಅವನ ಏಣಿ ಹತ್ತಿ ಕೂತು ಇಳಿಯುವುದಿಲ್ಲವೆಂದು ಹಟ ಮಾಡುತ್ತಿದ್ದೆ. ಅವನೇ ಚೀಟಿ ನೋಡಿ ದಾರಿ ಹೇಳಿದ್ದು. “ಅಮ್ಮಾ, ಒಂದು ಮನೇಲಿ ಎರಡು ಸಂಸಾರ ಇದ್ರೆ ಎರಡು ಮೀಟರ್ ಕೊಡ್ತಾರೆ. ಇಸ್ತ್ರಿ ಒಂದರಲ್ಲಿ, ಯಂತ್ರ ಒಂದರಲ್ಲಿ. ಎರಡೂ ಗೆರೆ ಒಳಗೇ ನಿಲ್ತವೆ. ಆದ್ರೆ ಒಲೆ ಬೇರೆ ಇರಬೇಕು, ಬಾಗಿಲು ಬೇರೆ ಇರಬೇಕು. ಬಂದು ನೋಡ್ತಾರೆ.”

ಒಲೆ ಬೇರೆ! ನಿನ್ನ ಚಿಕ್ಕಪ್ಪ ತೀರಿಕೊಂಡಾಗ ತವರಿನವರು ಬಂದು ಕರೆದರೂ ಹೋಗದೆ, “ಅಕ್ಕ ಇದಾಳೆ, ಗುಬ್ಬಿ ಇದೆ” ಎಂದು ಇಲ್ಲೇ ಉಳಿದವಳು ನಿನ್ನ ಚಿಕ್ಕಿ. ನಿನ್ನ ಜಡೆ ಹೆಣೆದದ್ದೆಲ್ಲ ಅವಳೇ. ನನಗಿಂತ ಮೊದಲು ಅವಳೇ, “ಆಗ್ಲಿ ಬಿಡು, ಒಲೆ ಬೇರೆಯಾದ್ರೆ ಹೊಟ್ಟೆ ಬೇರೆಯಾಗುತ್ತಾ? ಭಾವ ಉಸಿರಾಡ್ಲಿ ಸಾಕು” ಎಂದಳು. ಅವಳಿಗೆ ನನ್ನ ಮುಖ ಓದಲು ಬರುತ್ತದೆ. “ನೀನು ಸುಳ್ಳು ಹೇಳ್ಬೇಡ ಅಕ್ಕ. ನಿನ್ನ ಬಾಯಿ ದೇವರಿಗೆ ಮೀಸಲು. ಆ ಪಾಪ ನಂಗಿರ್ಲಿ, ಹೇಗೂ ನನ್ನ ಕೈ ಮಸಿಯಾಗೇ ಇರುತ್ತೆ” ಎಂದಳು. ನನಗೆ ಎಷ್ಟು ಹಾಯೆನಿಸಿತೆಂದರೆ, ದೇವರಿಗೆ ಒಂದು ದೀಪ ಜಾಸ್ತಿ ಹಚ್ಚಿದೆ.

ಸಂತೆಯಿಂದ ಪುಟ್ಟ ಸಿಲಿಂಡರಿನ ಒಂದು ಹಳೇ ಗ್ಯಾಸ್ ಒಲೆ ತಂದೆವು. ಮುಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕದ ಕಿಟಕಿಯ ಕೆಳಗೆ ಇಟ್ಟೆವು. ಬೀದಿ ಬಾಗಿಲು ಅವಳದು, ಹಿತ್ತಿಲ ಬಾಗಿಲು ನಮ್ಮದು. ಅವರು ಬಂದು ನೋಡುವ ಹಿಂದಿನ ಸಂಜೆ ಫ್ಯೂಸಣ್ಣ ಅಧಿಕಾರಿಯ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತು ನಮಗೆ ಪಾಠ ಮಾಡಿದ.

“ಯಾಕಮ್ಮಾ ಒಲೆ ಬೇರೆ ಮಾಡಿದ್ರಿ?”

“ಇವಳಿಗೆ ಉಪ್ಪು ಜಾಸ್ತಿ ಬೇಕು ಸಾರ್, ನಂಗೆ ಕಮ್ಮಿ ಬೇಕು” ಎಂದಳು ಚಿಕ್ಕಿ.

“ಉಪ್ಪಿಗೆಲ್ಲಾ ಯಾರಾದ್ರೂ ಮನೆ ಒಡೀತಾರಾ?”

“ಅದಕ್ಕೇ ಒಡೆಯೋದು. ನಿಮ್ಮನೇಲಿ ಕೇಳಿ ನೋಡಿ!”

ಫ್ಯೂಸಣ್ಣ ಕಿವಿ ಕೆರೆದುಕೊಂಡ. “ಅದಿರ್ಲಿ. ಇವಳು, ನೀನು, ತಾನು ಅಂತಿದ್ರೆ ಯಾರು ನಂಬ್ತಾರೆ? ಜಗಳ ಆಡಿ ಬೇರೆಯಾದವರು ಹಾಗೆ ಕರೀತಾರಾ? ನೀವು ಅನ್ನಿ.” ಚಿಕ್ಕಿ ಸೆರಗು ಸರಿಮಾಡಿಕೊಂಡು ಗಂಭೀರವಾಗಿ, “ನೀವು ಸ್ವಲ್ಪ ಆ ಕಡೆ ಜರುಗ್ತೀರಾ?” ಎಂದಳು. ಹೇಳಿದವಳೇ ನಗು ತಡೆಯಲಾರದೆ ಇಸ್ತ್ರಿ ಮಾಡಿದ ಬಟ್ಟೆಗಳ ಮೇಲೇ ಬಿದ್ದಳು. ನಿಮ್ಮಪ್ಪನೂ ನಕ್ಕು, ಯಂತ್ರ ಕುಂಯ್ ಎಂದು ಕೂಗಿಕೊಂಡಿತು. ಅಷ್ಟು ನಕ್ಕು ಎಷ್ಟೋ ಕಾಲವಾಗಿತ್ತು.

ಮಾರನೆಯ ದಿನ ಅಧಿಕಾರಿ ಬಂದ. ಒಳ್ಳೆಯ ಮನುಷ್ಯನೇ, ನನ್ನ ಹಾಗೆ ದಣಿದವನು. ನೀರು ಕೇಳಿ ಕುಡಿದ. ಎರಡು ಒಲೆಯ ಮೇಲೂ ಕೈಯಿಟ್ಟು ಬಿಸಿಯಿದೆಯೋ ಎಂದು ನೋಡಿದ. ಚಿಕ್ಕಿ ಜಾಣೆ, ಮೊದಲೇ ತನ್ನ ಒಲೆಯ ಮೇಲೆ ಏನೋ ಬೇಯಲು ಇಟ್ಟಿದ್ದಳು. ಆಮೇಲೆ ಆತ ಫ್ಯೂಸಣ್ಣ ಕೇಳಿದ ಪ್ರಶ್ನೆಯನ್ನೇ ಕೇಳಿದ. ಆ ಹೊತ್ತಿಗೆ ಅವಳಿಗೆ ಉಪ್ಪಿನ ಮಾತು ಮರೆತುಹೋಯಿತೋ ಏನೋ, ಬೇರೆ ಏನೇನೋ ಹೇಳಿದಳು. ನನ್ನನ್ನೂ ಒಂದು ಮಾತು ಕೇಳಿದ. ಹೇಳಿದೆ. ಬರೆದುಕೊಂಡು ಹೋದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥವನಲ್ಲ, ಆದರೂ ನಂಬಿದ. ಅವನು ತಿರುವು ದಾಟಿದ ಮೇಲೆ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಈಗ ಗೋಡೆಯ ಮೇಲೆ ಎರಡು ಮೀಟರ್ ಅವಳಿ ಮಕ್ಕಳ ಹಾಗೆ ಕೂತಿವೆ. ಹಳೆಯ ಬಾಕಿಯನ್ನು ಕಂತಿನಲ್ಲಿ ಕಟ್ಟಲು ಒಪ್ಪಿದ್ದಾರೆ. ಹೊಸ ಬಿಲ್ಲು ಎರಡಕ್ಕೂ ಸೊನ್ನೆ ಬಂತು. ನಿಮ್ಮಪ್ಪ ಕನ್ನಡಕ ತರಿಸಿಕೊಂಡು ಆ ಸೊನ್ನೆಯನ್ನು ನೋಡಿದರು. ಯಾರು ಏನೇ ಅನ್ನಲಿ ಗುಬ್ಬಿ, ಸರ್ಕಾರದ ಆ ನೆರವಿನಿಂದಲೇ ನಿಮ್ಮಪ್ಪ ಇವತ್ತು ಹಾಸಿಗೆಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ. ಕೊಟ್ಟವರ ಹೊಟ್ಟೆ ತಣ್ಣಗಿರಲಿ.

ಆದರೆ ಹೇಳದೆ ಕೇಳದೆ ಮತ್ತೆ ಬಂದು ನೋಡುತ್ತಾರಂತೆ. ಅದಕ್ಕೆ ಒಲೆ ಅಲ್ಲೇ ಇರಲಿ ಎಂದಳು ಚಿಕ್ಕಿ. ಇರಲಿ ಎಂದೆ. ತಣ್ಣಗಿರುವ ಒಲೆ ಕಂಡರೆ ಸಿಕ್ಕಿಬೀಳುತ್ತೇವೆ, ಬೆಳಿಗ್ಗೆ ಅಲ್ಲೇ ಮಾಡಿಕೊಳ್ಳುತ್ತೇನೆ ಎಂದಳು. ಸರಿ ಎಂದೆ. ಆಮೇಲೆ ಸಂಜೆಯೂ ಅಲ್ಲೇ ಮಾಡಿಕೊಂಡಳು.

ಹಾಗಾಗಿ ಈಗ ಅಡುಗೆಮನೆ ನನ್ನದು. ಕ್ಲಿನಿಕ್ಕಿನಿಂದ ಬಂದು, ಮೈ ತೊಳೆದುಕೊಂಡು, ದೇವರ ಮುಂದೆ ಕೂತು ಎದ್ದರೆ ಒಲೆ ತಣ್ಣಗೆ ನನ್ನನ್ನೇ ನೋಡುತ್ತಿರುತ್ತದೆ. ನಗಬೇಡ, ನನ್ನ ಮನೆಯಲ್ಲಿ ನನಗೇ ಯಾವ ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಿಲ್ಲ. ಮೊದಲ ದಿನ ಮಾಡಿದ ಗಂಜಿ ಕುಡಿದು ನಿಮ್ಮಪ್ಪ, “ಇದು ಹೊಟ್ಟೆಗೋ, ಗೋಡೆಗೆ ಪೇಪರ್ ಅಂಟಿಸೋಕೋ?” ಎಂದರು. ಒಂದು ದಿನ ಉಪ್ಪು ಸಿಗದೆ ಅವಳ ಹತ್ತಿರ ಹೋದೆ. ಬಟ್ಟಲು ತುಂಬ ಕೊಟ್ಟಳು. ನಾಳೆ ತಂದುಕೊಡುತ್ತೇನೆ ಎಂದು ತಮಾಷೆಗೆ ಅಂದೆ. “ಪರವಾಗಿಲ್ಲ, ನೀವೇ ಇಟ್ಕೊಳ್ಳಿ” ಎಂದಳು.

ಹೌದು, ಇನ್ನೂ ನೀವು ಎನ್ನುತ್ತಾಳೆ. ಅಭ್ಯಾಸ ಮಾಡಿದ್ದು ನಾಲಿಗೆಗೆ ಅಂಟಿಕೊಂಡಿರಬೇಕು. ಮೊದಲು ನಾನೂ ನಕ್ಕು, “ಸಾಹೇಬರು ಹೋದ್ರು ಕಣೇ, ಬಿಡು ಸಾಕು” ಎಂದೆ. ಅವಳು ಬಟ್ಟೆಗೆ ನೀರು ಚಿಮುಕಿಸುತ್ತ, “ಮತ್ತೆ ಬರ್ತಾರಲ್ಲ” ಎಂದಳು.

ನಿಮ್ಮಪ್ಪನಿಗೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ. “ಭಾವನಿಗೆ” ಎಂದು ಒಂದು ಬಟ್ಟಲು ಮುಚ್ಚಿ ತಂದುಕೊಡುತ್ತಾಳೆ. ನಡುಮನೆಯ ಬಾಗಿಲು ತಟ್ಟಿ ಬರುತ್ತಾಳೆ. ಆ ಬಾಗಿಲನ್ನು ನಾವು ಯಾವತ್ತಾದರೂ ಮುಚ್ಚಿದ್ದೆವಾ ಗುಬ್ಬಿ? ಅದಕ್ಕೆ ಅಗುಳಿ ಇದೆಯೆಂದೇ ನಾನು ಮರೆತಿದ್ದೆ.

ಸುಮ್ಮನೆ ಏನೇನೋ ಬರೆದೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರ ಮೇಲೆ ರೇಗಬೇಡ, ರೇಗಿದರೂ ಊಟಕ್ಕೆ ಮೊದಲು ರಾಜಿಯಾಗು. ಕಷ್ಟ ಕೊಡುವ ದೇವರೇ ಹೆಗಲನ್ನೂ ಕೊಡುತ್ತಾನೆ. ನಿನ್ನ ಮನೆಯಲ್ಲಿ ದೀಪ ಆರದಿರಲಿ, ಒಲೆ ಒಂದೇ ಇರಲಿ.

ಇಂತಿ
ನಿನ್ನ ಅಮ್ಮ

ಇನ್ನೊಂದು ಮಾತು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಅಧಿಕಾರಿ ಹೋದ ಮೇಲೆ ಇಬ್ಬರೂ ನಕ್ಕೆವು ಎಂದು ಬರೆದೆನಲ್ಲ, ನಗಲಿಲ್ಲ. ನಿನಗೆ ಹಾಗೆ ಹೇಳಬೇಕೆನಿಸಿತು.

ಆತ ಯಾಕೆ ಬೇರೆಯಾದಿರಿ ಎಂದಾಗ ಅವಳು ಬಾಯಿ ತೆರೆದಳು. ಉಪ್ಪು ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಅಡುಗೆಮನೆಯ ಒಲೆಯ ಕಡೆ ನೋಡುತ್ತ ಹೇಳಿದಳು, “ಮದುವೆಯಾಗಿ ಬಂದಾಗಿನಿಂದ ಆ ಒಲೆ ಮುಂದೆ ನಿಂತಿದೀನಿ ಸಾರ್. ಇವರು ದೇವರ ಮುಂದೆ ಕಣ್ಮುಚ್ಚಿ ಕೂತಿರ್ತಾರೆ. ಕಣ್ ಬಿಟ್ರೆ ತಟ್ಟೆ ಮುಂದಿರುತ್ತೆ. ನಂಗೆ ಜ್ವರ ಬಂದಿದ್ರೂ ಮುಂದಿರುತ್ತೆ. ಆಗ ಇವರು ಕೈ ಮುಗಿದು, ದೇವರು ಕೊಟ್ಟ ಅಂತಾರೆ. ಕೊಟ್ಟಿದ್ದು ನಾನು ಸಾರ್.”

ಅವಳ ದನಿ ಏರಲಿಲ್ಲ. ಜಗಳವಾಡುವವಳ ಹಾಗೆ ಕೈ ತಿರುಗಿಸಲೂ ಇಲ್ಲ. ಆತ ನನ್ನ ಕಡೆ ತಿರುಗಿ, “ಇವರು ಹೇಳಿದ್ದು ನಿಜವೇನಮ್ಮಾ?” ಎಂದ. ನಿಜ ಎಂದೆ.

ಅಂದು ದೇವರ ಮುಂದೆ ಕೂತೆ, ನಿಮ್ಮಪ್ಪನ ಉಸಿರಿಗೋಸ್ಕರ ಒಂದು ಸುಳ್ಳಾಡಿದೆ, ಕ್ಷಮಿಸು ಎಂದು ಕೇಳಲು. ಮಾತು ಬಾಯಿಗೆ ಬರಲಿಲ್ಲ ಮಗಳೇ. ಸುಳ್ಳಿನ ಪಾಪ ತನಗಿರಲಿ ಎಂದಿದ್ದಳಲ್ಲ, ಅವಳೂ ಸುಳ್ಳು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಆಗಿನಿಂದ ಅವಳ ಬಾಗಿಲ ತನಕ ಹೋಗುತ್ತೇನೆ, ಉಪ್ಪು ಕೇಳಿಕೊಂಡು ವಾಪಸ್ಸಾಗುತ್ತೇನೆ. ನನ್ನ ಹತ್ತಿರ ಈಗ ಎರಡು ಡಬ್ಬಿ ತುಂಬ ಉಪ್ಪಿದೆ. ಮೊನ್ನೆ ನೆಗಡಿಯಾಗಿ ಎರಡು ಸಲ ಸೀನಿದೆ. ಆ ಕಡೆ ಇಸ್ತ್ರಿಪೆಟ್ಟಿಗೆ ನಿಂತ ಹಾಗಾಯಿತು. ಮತ್ತೆ ಓಡಿತು.

ನೀನು ಅವಳಿಗೆ ಫೋನ್ ಮಾಡು. ನಾನು ಬರೆದದ್ದನ್ನು ಹೇಳಬೇಡ, ಯಾವ ರಾಜಿಯನ್ನೂ ಮಾಡಿಸಬೇಡ. ಸುಮ್ಮನೆ ಮನೆಯಲ್ಲಿ ಎಲ್ಲಾ ಹೇಗಿದ್ದಾರೆ ಎಂದು ಕೇಳು. ಮಾತಿನ ನಡುವೆ ನನ್ನ ವಿಷಯ ಬಂದಾಗ “ನಿಮ್ಮಮ್ಮ” ಎನ್ನುತ್ತಾಳೋ, “ಅಕ್ಕ” ಎನ್ನುತ್ತಾಳೋ ಕೇಳಿಸಿಕೊಂಡು, ನನಗೆ ಒಂದೇ ಸಾಲು ಬರಿ.