ನಂತೂರು ದಾಟುವ ಗೆರೆ

ಬೋಳಾರ, ಮಂಗಳೂರು
ಶನಿವಾರ, 14 ಡಿಸೆಂಬರ್ 2024

ದೀಕ್ಷಿತಾಳ ಪಪ್ಪನಿಗೆ,

ಎಷ್ಟೇ ಕೋಪ ಇದ್ದರೂ ಕ್ಷೇಮ ಕೇಳಿಯೇ ಕಾಗದ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಕ್ಷೇಮ ತಾನೆ? ಸರಿ, ಅದು ಮುಗಿಯಿತು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ಎರಡನೇ ಮಾತಿಗೆ ನಾನು ಕಿರುಚುತ್ತೇನೆ, ಮೂರನೇ ಮಾತಿಗೆ ನೀವು ಇಟ್ಟುಬಿಡುತ್ತೀರಿ. ಇದನ್ನಾದರೂ ಕೊನೆಯವರೆಗೆ ಓದಿ.

ನಮ್ಮ ವಾರ್ಡಿನ ಮಕ್ಕಳಿಗೆ ಸೈಕಲ್ ದಾರಿ ಮಾಡಿಸಬೇಕೆಂದು ಇಲ್ಲಿ ಒಂದು ಸಮಿತಿ ಆಗಿದೆ. ಎವ್ಲಿನ್ ಟೀಚರ್ ಅದರ ಮುಖ್ಯಸ್ಥೆ. ರಿಟೈರ್ ಆದ ಮೇಲೆ ಅವರಿಗೆ ಊರಿಡೀ ಕ್ಲಾಸ್‌ರೂಮ್. ನಾನು ಎಂಜಿನಿಯರರ ಆಫೀಸಿನಲ್ಲಿ ಮನೆ ಪ್ಲಾನ್ ಬಿಡಿಸುವವಳಲ್ಲವೇ, ನಕ್ಷೆಯ ಕೆಲಸ ನನ್ನ ತಲೆಗೆ ಬಿತ್ತು. ಮೊದಲ ನಕ್ಷೆ ಎಷ್ಟು ಚಂದ ಬಂದಿತ್ತೆಂದರೆ ನನಗೇ ದೃಷ್ಟಿ ತಾಗುವ ಹಾಗಿತ್ತು. ಆಮೇಲೆ ಎಲ್ಲರೂ ಸೈಕಲ್ ಹತ್ತಿ ನೋಡಲು ಹೊರಟೆವು. ಕಾಗದದಲ್ಲಿ ಮಂಗಳೂರು ಚಪ್ಪಟೆ, ರಸ್ತೆಯಲ್ಲಿ ಬರೀ ಏರು. ಮಾರ್ನಮಿಕಟ್ಟೆಯ ಹತ್ತಿರ ಎವ್ಲಿನ್ ಟೀಚರ್ ಏದುಸಿರು ಬಿಡುತ್ತಾ ಇಳಿದು, ಇದು ಎಂತ ಸೈಕಲ್ ದಾರಿ ಮಾರಾಯ್ತಿ, ಸೈಕಲ್ ದೂಡುವ ದಾರಿ ಅಂತ ಬೈದರು. ದೊಡ್ಡವರು ಗೆರೆ ಎಳೆಯುವುದು ಬೇಡ, ಮಕ್ಕಳು ದಿನಾ ಎಲ್ಲಿ ಹೋಗ್ತಾರೋ ಅದನ್ನೇ ಮೊದಲು ನೋಡುವ ಎಂದು ಆಮೇಲೆ ತೀರ್ಮಾನ ಆಯಿತು.

ಹೋದ ಭಾನುವಾರ ಭಜನಾ ಮಂದಿರದ ನೆಲದಲ್ಲಿ ನಾನು ರಂಗೋಲಿಯಲ್ಲಿ ಇಡೀ ವಾರ್ಡನ್ನು ಬಿಡಿಸಿದೆ. ಮಂಗಳಾದೇವಿ, ಹೊಳೆಬದಿ, ಜೆಪ್ಪು, ಎಲ್ಲ. ಮಕ್ಕಳು ತಾವು ಸೈಕಲಿನಲ್ಲಿ ಹೋಗುವ ದಾರಿಯಲ್ಲಿ ನಡೆದು ತೋರಿಸಬೇಕು, ನಾನು ಹಿಂದಿನಿಂದ ಹಸಿರು ಪುಡಿ ಬಿಡುತ್ತಾ ಹೋಗಬೇಕು. ಊರವರೆಲ್ಲ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದರು, ಜಾತ್ರೆಯ ಹಾಗೆ ಗೌಜಿ. ನಿಮ್ಮ ಅಮ್ಮನೂ ಬಂದಿದ್ದರು.

ದೀಕ್ಷಿತಾಳ ಸರದಿ ಬಂತು. ಕಾಲೇಜಿನ ಕಡೆ ತಿರುಗುತ್ತಾಳೆಂದು ನಾನು ಪುಡಿ ಹಿಡಿದು ಬಗ್ಗಿದ್ದೆ. ಅವಳು ತಿರುಗಲಿಲ್ಲ. ನನ್ನ ನಕ್ಷೆ ಮುಗಿದ ಮೇಲೂ ನಡೆದಳು. ಇದು ಪಂಪ್‌ವೆಲ್, ಇದು ನಂತೂರು, ಇದು ಕೂಳೂರು ಹೊಳೆಯ ಸಂಕ ಎಂದು ಹೇಳುತ್ತಾ ಹೋಗಿ ಆಚೆ ಗೋಡೆಗೆ ತಾಗಿ ನಿಂತಳು. ಇದು ಪಣಂಬೂರು ಎಂದಳು. ಅಲ್ಲಿ ಯಾರಿದ್ದಾರೆ ಮಗಾ ಎಂದು ಎವ್ಲಿನ್ ಟೀಚರ್ ಕೇಳಿದರು. ಪಪ್ಪ ಇದ್ದಾರೆ, ಭಾನುವಾರ ನಾನು ಅಲ್ಲಿಗೇ ಹೋಗುವುದು ಎಂದಳು.

ಊರವರೆಲ್ಲ ನನ್ನ ಕಡೆ ತಿರುಗಿದರು. ಅವಳು ನಿಮ್ಮಲ್ಲಿಗೆ ಹೋಗುವುದು ನನಗೇ ಗೊತ್ತಿರಲಿಲ್ಲ. ನೀವು ಶಿಪ್ಪಿನ ಕೆಲಸಕ್ಕೆ ಹೋಗಿದ್ದೀರಿ ಎಂದು ನಾನು ಊರಲ್ಲಿ ಎಲ್ಲರಿಗೂ ಹೇಳಿದ್ದೆ, ಗೊತ್ತಾ? ಚೌತಿಯ ಮರುದಿನ ಜಗಳ ಮಾಡಿ ನೀವು ಬ್ಯಾಗ್ ಹಿಡಿದು ಹೋದಿರಿ. ಪಣಂಬೂರು ಬಂದರಿನ ಹತ್ತಿರ ರೂಮ್ ಮಾಡಿ ಕೂತಿದ್ದಾರೆ, ಹೆಂಡತಿಯ ಮುಖ ನೋಡಲಿಕ್ಕೆ ಇಷ್ಟವಿಲ್ಲ ಎಂದು ನಾನು ಡಂಗುರ ಸಾರಬೇಕಿತ್ತಾ? ಮರ್ಯಾದೆ ಹೋದರೆ ಹೋಗಲಿ. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ.

ಪೇಟೆಯೊಳಗೆ ಲಾಲ್‌ಬಾಗಿನ ದಾರಿಯಲ್ಲಿ ಹೋಗಬಹುದಿತ್ತಲ್ಲ, ಬಸ್ಸಾದರೂ ಇತ್ತಲ್ಲ, ನಂತೂರಿನ ಆ ಹೈವೇಯಲ್ಲಿ ಯಾಕೆ ಸಾಯಲಿಕ್ಕೆ ಹೋದದ್ದು ಎಂದು ಮನೆಗೆ ಬಂದು ಕೇಳಿದೆ. ಬಸ್ಸಿನಲ್ಲಿ ಬೋಳಾರದವರು ಯಾರಾದರೂ ಸಿಗ್ತಾರೆ, ಎಲ್ಲಿಗೆ ಅಂತ ಕೇಳ್ತಾರೆ, ಆಗ ನೀನು ಹೇಳಿದ್ದು ಸುಳ್ಳು ಅಂತ ಗೊತ್ತಾಗ್ತದೆ, ಅದಕ್ಕೇ ಯಾರೂ ನೋಡದ ದಾರಿಯಲ್ಲಿ ಹೋದೆ ಅಮ್ಮ ಎಂದಳು. ನನ್ನನ್ನು ಕಾಪಾಡಲಿಕ್ಕೆ ಈ ಹುಡುಗಿ ನಂತೂರಿನ ಲಾರಿಗಳ ನಡುವೆ ನುಗ್ಗುತ್ತಿದ್ದಳು. ನೀವೇ ಹೇಳಿ, ನಾನು ಹೇಗೆ ಸುಮ್ಮನೆ ಕೂರಲಿ?

ನೀವಾದರೂ ಒಂದು ಮಾತು ಹೇಳಬಾರದಿತ್ತಾ? ಬೆವರಿಳಿಸಿಕೊಂಡು ಬಂದ ಮಗಳಿಗೆ ಬಂಗುಡೆ ಹುರಿದು ಬಡಿಸಿದಿರಂತೆ. ಯಾವ ದಾರಿಯಲ್ಲಿ ಬಂದೆ ಎಂದು ಕೇಳಲಿಲ್ಲವಂತೆ. ನಿಮ್ಮ ಈ ಮೌನವಿದೆಯಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯುವುದು.

ಸೈಕಲಿಗೆ ಬೀಗ ಹಾಕಿದ್ದೇನೆ. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಿಮ್ಮ ಅಮ್ಮ ಅವಳ ಪಕ್ಷ. ನನ್ನ ಮಗನನ್ನು ನೋಡಲಿಕ್ಕೆ ಮೊಮ್ಮಗಳು ಯಾಕೆ ಕಳ್ಳರ ಹಾಗೆ ಹೋಗಬೇಕು ಎಂದು ಮೀನು ಕೊಯ್ಯುತ್ತಾ ನನಗೆ ಕೇಳುವ ಹಾಗೆ ಹೇಳುತ್ತಾರೆ. ಆಫೀಸಿನಲ್ಲಿ ಕೂತರೆ ಕೂರಲಿಕ್ಕಾಗುವುದಿಲ್ಲ. ಆಂಬುಲೆನ್ಸ್ ಶಬ್ದ ಕೇಳಿದರೆ ಎದ್ದು ಕಿಟಕಿಗೆ ಹೋಗುತ್ತೇನೆ. ಸೈಕಲ್ ಅಂಗಳದಲ್ಲೇ ಉಂಟು ಎಂದು ಗೊತ್ತಿದ್ದೂ ಹೋಗುತ್ತೇನೆ.

ಸೋಮವಾರ ನಕ್ಷೆಯನ್ನು ಪಾಲಿಕೆಗೆ ಕೊಡಬೇಕು. ಮಕ್ಕಳು ನಡೆದ ಗೆರೆ ಎಲ್ಲವೂ ಇರಬೇಕು, ಒಂದನ್ನೂ ಅಳಿಸುವ ಹಾಗಿಲ್ಲ ಎನ್ನುತ್ತಾರೆ ಎವ್ಲಿನ್ ಟೀಚರ್. ನಂತೂರು ದಾಟುವ ಆ ಗೆರೆ ಎಳೆದರೆ ಹೋಗು ಎಂದು ನಾನೇ ಕೈಯಾರೆ ಬರೆದುಕೊಟ್ಟ ಹಾಗೆ. ಎಳೆಯದಿದ್ದರೆ ಅವಳು ಹೋದದ್ದೇ ಸುಳ್ಳೆಂದ ಹಾಗೆ. ಪೆನ್ಸಿಲಿನಲ್ಲಿ ಎಳೆದು ಉಜ್ಜಿ, ಎಳೆದು ಉಜ್ಜಿ, ನಂತೂರಿನ ಜಾಗದಲ್ಲಿ ಕಾಗದವೇ ತೂತಾಗಿದೆ.

ಅದಕ್ಕೇ ಹೇಳುತ್ತಿದ್ದೇನೆ. ಇನ್ನು ಮೇಲೆ ಭಾನುವಾರ ನೀವೇ ಇಲ್ಲಿಗೆ ಬನ್ನಿ. ಎಲ್ಲರೂ ನೋಡುವ ಹಾಗೆ ಬಸ್ಸಿನಿಂದ ಇಳಿದು, ಮಂಗಳಾದೇವಿ ರಸ್ತೆಯಲ್ಲಿ ನಡೆದುಕೊಂಡೇ ಬನ್ನಿ. ಮಗಳಿಗೋಸ್ಕರ ಮಾತ್ರ. ನನಗೇನೂ ಬೇಡ, ನಾನು ಅಡುಗೆಮನೆಯಿಂದ ಹೊರಗೆ ಬರುವುದೂ ಇಲ್ಲ.

ಇಂತಿ,
ಜ್ಯೋತ್ಸ್ನಾ

ಮತ್ತೆ: ಇಂದು ಭಾನುವಾರ. ಅಂಚೆಗೆ ಹಾಕಿದರೆ ನಿಮಗೆ ಸಿಗುವಷ್ಟರಲ್ಲಿ ನನ್ನ ಧೈರ್ಯ ಮುಗಿಯುತ್ತದೆ ಎನಿಸಿತು. ಬೀಗ ತೆಗೆದು ಅವಳ ಸೈಕಲಿನಲ್ಲಿ ನಾನೇ ಬಂದೆ. ಅವಳು ಬಂದ ದಾರಿಯಲ್ಲೇ ಬಂದೆ. ನಂತೂರಿನಲ್ಲಿ ಒಂದು ಟ್ಯಾಂಕರ್ ಎಷ್ಟು ಹತ್ತಿರ ಹೋಯಿತೆಂದರೆ ಬದಿಗೆ ಇಳಿದು ನಿಂತು ಅತ್ತುಬಿಟ್ಟೆ. ದೀಕ್ಷಿತಾ ಫೋನ್ ಮಾಡಿ ಎಲ್ಲಿದ್ದಿ ಎಂದು ಕೇಳಿದಳು. ಪಪ್ಪನಲ್ಲಿಗೆ ಹೋಗ್ತಿದ್ದೇನೆ ಎಂದೆ. ನಿಮ್ಮ ರೂಮಿನ ಹೊರಗೆ ಸೈಕಲ್ ಸೀಟಿನ ಮೇಲಿಟ್ಟು ಬರೆಯುತ್ತಿರುವುದರಿಂದ ಅಕ್ಷರ ಹೀಗೆ. ಇದನ್ನು ನಿಮ್ಮ ಬಾಗಿಲ ಅಡಿಯಿಂದ ತಳ್ಳುತ್ತೇನೆ. ಆ ದಾರಿಯಲ್ಲಿ ಒಬ್ಬಳೇ ಹಿಂದಿರುಗಲು ನನ್ನಿಂದ ಆಗುವುದಿಲ್ಲ. ಎದುರಿನ ಗೂಡಂಗಡಿಯಲ್ಲಿ ಎರಡು ಚಾ ಹೇಳಿದ್ದೇನೆ. ತಣಿಯುವ ಮೊದಲು ಹೊರಗೆ ಬನ್ನಿ.